ಕೀಲಿನಿಂದ ಶುರು ಮಾಡಿ: ಪರ್ಸನಲ್ ಟ್ರೇನರ್ ಆಗಬೇಕು ಅನ್ನುವವರಿಗೆ ದೇಹದ ಮೊದಲ ಪಾಠ

ಟ್ರೇನರ್ ಆಗಬೇಕು ಅಂತ ನನ್ನ ಹತ್ತಿರ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸರ್, ಎಷ್ಟು ಮಸಲ್‌ಗಳ ಹೆಸರು ಬಾಯಿಪಾಠ ಮಾಡಬೇಕು?" ದೇಹದಲ್ಲಿ 206 ಮೂಳೆಗಳಿವೆ, 600ಕ್ಕೂ ಹೆಚ್ಚು ಸ್ನಾಯುಗಳಿವೆ. ಆ ಲೆಕ್ಕ ಕೇಳಿಯೇ ಕೆಲವರು ಹಿಂದೆ ಸರಿಯುತ್ತಾರೆ. ಕೆಲವರು ಹಠ ಹಿಡಿದು ಪಟ್ಟಿಯನ್ನೇ ಉರು ಹೊಡೆಯುತ್ತಾರೆ. ಆದರೆ ವಯಸ್ಸು 50 ದಾಟಿದ ಅಮ್ಮ ಒಬ್ಬರು ಬಂದು, "ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತಪ್ಪ, ಹತ್ತುವಾಗ ಅಷ್ಟಿಲ್ಲ, ಯಾಕೆ?" ಅಂತ ಕೇಳಿದರೆ ಆ ಪಟ್ಟಿಯಲ್ಲಿ ಉತ್ತರ ಸಿಗುವುದಿಲ್ಲ.

ನಾನೂ ಪಟ್ಟಿಯಿಂದಲೇ ಕಲಿತವನು. ಕೆಲಸಕ್ಕೆ ಸೇರಿದ ಮೊದಲ ವರ್ಷ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಒಬ್ಬರಿಗೆ ತಲೆಯ ಮೇಲೆ ಡಂಬ್‌ಬೆಲ್ ಎತ್ತಿಸಿದೆ. ಎರಡೇ ವಾರದಲ್ಲಿ ಅವರ ಭುಜ ಹಿಡಿದುಕೊಂಡಿತು. ಭುಜದ ಮೇಲಿನ ಡೆಲ್ಟಾಯ್ಡ್ ಸ್ನಾಯುವಿನ ಮೂರು ಭಾಗಗಳ ಹೆಸರು ನನಗೆ ಗೊತ್ತಿತ್ತು. ತೋಳು ಪೂರ್ತಿ ಮೇಲೆ ಹೋಗಬೇಕಾದರೆ ಬೆನ್ನೂ ನೆಟ್ಟಗಾಗಬೇಕು ಅನ್ನುವುದು ಗೊತ್ತಿರಲಿಲ್ಲ. ಅವರ ನೋವು ನನ್ನ ತಪ್ಪಿನಿಂದ ಬಂದದ್ದು. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಆಮೇಲೆ ಕಲಿಯುವ ಕ್ರಮವನ್ನೇ ಬದಲಾಯಿಸಿದೆ. ಮೊದಲು ಕೀಲು, ಆಮೇಲೆ ಸ್ನಾಯು, ಎಕ್ಸರ್‌ಸೈಜ್ ಕೊನೆಗೆ. ಇಲ್ಲಿಯೂ ಅದೇ ಕ್ರಮ. ಓದುವಾಗ ನಿಮ್ಮದೇ ಮೈ ಮುಟ್ಟಿ ನೋಡುತ್ತಾ ಓದಿ.

1. ಕೀಲುಗಳ ಪರಿಚಯ ಮಾಡಿಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಆರು ಪುಟ ಬಿಡಿ: ಪಾದದ ಗಂಟು, ಮಂಡಿ, ಹಿಪ್ (ತೊಡೆಮೂಳೆ ಸೊಂಟಕ್ಕೆ ಸೇರುವ ಕೀಲು), ಬೆನ್ನುಮೂಳೆ, ಭುಜ, ಮೊಣಕೈ. ಒಂದೊಂದು ಕೀಲೂ ಯಾವ ಯಾವ ದಿಕ್ಕಿಗೆ ಹೋಗುತ್ತದೆ, ಎಲ್ಲಿಗೆ ನಿಲ್ಲುತ್ತದೆ ಅಂತ ಕನ್ನಡಿ ಮುಂದೆ ನಿಂತು ಬರೆಯಿರಿ. ಮೊಣಕೈ ಬಾಗಿಲ ತಿರುಗಣೆ ಥರ: ಮಡಚುತ್ತದೆ, ಚಾಚುತ್ತದೆ, ಅಷ್ಟೆ. ಮಂಡಿಯೂ ಹೆಚ್ಚುಕಮ್ಮಿ ಹಾಗೇ, ಮಡಚಿದಾಗ ಮಾತ್ರ ಸ್ವಲ್ಪ ತಿರುಗುತ್ತದೆ. ಹಿಪ್ ಮತ್ತು ಭುಜ ಗುಂಡು ಮತ್ತು ಬಟ್ಟಲಿನ ಜೋಡಿ. ಹಿಪ್‌ನಲ್ಲಿ ಬಟ್ಟಲು ಆಳ, ಅದಕ್ಕೇ ಗಟ್ಟಿ. ಭುಜದಲ್ಲಿ ಬಟ್ಟಲು ತಟ್ಟೆಯಷ್ಟೇ ಆಳ. ಹಾಗಾಗಿ ಎಲ್ಲ ಕಡೆ ತಿರುಗುತ್ತದೆ, ಹಾಗಾಗಿಯೇ ಬೇಗ ಪೆಟ್ಟೂ ತಿನ್ನುತ್ತದೆ. ಆ ಗುಂಡು ಜಾರದಂತೆ ನಾಲ್ಕು ಪುಟ್ಟ ಸ್ನಾಯುಗಳು ಸುತ್ತಲಿಂದ ಹಿಡಿದುಕೊಂಡಿರುತ್ತವೆ. ಅವೇ ರೊಟೇಟರ್ ಕಫ್.

ಈಗ ಓದುವುದು ನಿಲ್ಲಿಸಿ ಒಂದು ಪರೀಕ್ಷೆ ಮಾಡಿ. ಬೆನ್ನು ಗೂನು ಮಾಡಿ ಕೂತು ಒಂದು ಕೈಯನ್ನು ಮುಂದಿನಿಂದ ಮೇಲಕ್ಕೆ ಎತ್ತಿ. ಎಲ್ಲಿಗೆ ನಿಂತಿತು ನೋಡಿಕೊಳ್ಳಿ. ಈಗ ಬೆನ್ನು ನೆಟ್ಟಗೆ ಮಾಡಿ ಮತ್ತೆ ಎತ್ತಿ. ಜಾಸ್ತಿ ಹೋಯಿತು, ಅಲ್ವಾ? ತೋಳು ಸುಮಾರು 180 ಡಿಗ್ರಿ ಮೇಲೆ ಹೋಗುವಾಗ ಅದರಲ್ಲಿ 120ರಷ್ಟು ಮಾತ್ರ ಭುಜದ ಕೀಲಿನಿಂದ ಬರುತ್ತದೆ. ಉಳಿದ 60 ಬೆನ್ನ ಹಿಂದಿನ ಹೆಗಲ ಹಲಗೆ ತಿರುಗುವುದರಿಂದ. ಬೆನ್ನು ಗೂನಾದರೆ ಆ ಹಲಗೆ ಸರಿಯಾಗಿ ತಿರುಗುವುದಿಲ್ಲ. ಸ್ನೇಹಿತರ ಹೆಗಲ ಹಲಗೆಯ ಕೆಳಗಿನ ತುದಿಗೆ ನಿಮ್ಮ ಹೆಬ್ಬೆರಳು ಇಟ್ಟು, ಅವರ ಕೈ ಎತ್ತಿಸಿ. ಹಲಗೆ ಹೊರಗೆ ಜಾರುವುದು ಬೆರಳಿಗೇ ಗೊತ್ತಾಗುತ್ತದೆ. ನಾನು ನೋಯಿಸಿದ ಆ ಮನುಷ್ಯನಿಗೆ ಬೇಕಿದ್ದದ್ದು ಮೊದಲು ಮೇಲ್ಬೆನ್ನು ಸಡಿಲ ಮಾಡುವ ಕೆಲಸ, ಡಂಬ್‌ಬೆಲ್ ಅಲ್ಲ.

ಬೆನ್ನುಮೂಳೆಗೆ ಒಂದು ದಿನ ಪೂರ್ತಿ ಕೊಡಿ. ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಮೂಳೆಗಳು. ಇವು 24 ಅಲುಗಾಡುವವು. ಸೊಂಟದ ಐದೂ ಸೇರಿದರೂ ಪಕ್ಕಕ್ಕೆ ತಿರುಗುವುದು ಹತ್ತು ಡಿಗ್ರಿಯ ಆಸುಪಾಸು ಮಾತ್ರ. ಮೈ ತಿರುಗಿಸುವ ಕೆಲಸ ಮುಖ್ಯವಾಗಿ ಮೇಲ್ಬೆನ್ನು ಮತ್ತು ಹಿಪ್‌ನದು. ಕೋಲು ಹೆಗಲ ಮೇಲಿಟ್ಟು ರಭಸದಿಂದ ಸೊಂಟ ತಿರುಗಿಸುವ ಎಕ್ಸರ್‌ಸೈಜ್ ಎಷ್ಟೋ ಜಿಮ್‌ಗಳಲ್ಲಿ ನಡೆಯುತ್ತದೆ. ಈ ಲೆಕ್ಕ ಗೊತ್ತಾದ ಮೇಲೆ ಅದನ್ನು ಮಾಡಿಸುವ ಮನಸ್ಸು ನಿಮಗೆ ಬರುವುದಿಲ್ಲ.

ಭಾಷೆಯ ಬಗ್ಗೆ ಇಲ್ಲೊಂದು ಮಾತು. ನಮ್ಮಲ್ಲಿ ಕೆಳಬೆನ್ನು ನೋವಿಗೂ "ಸೊಂಟ ನೋವು", ಹಿಪ್ ಕೀಲಿನ ನೋವಿಗೂ "ಸೊಂಟ ನೋವು" ಅನ್ನುತ್ತಾರೆ. "ನರ ಹಿಡ್ಕೊಂಡಿದೆ" ಅಂದರೆ ಅದು ಸ್ನಾಯು ಇರಬಹುದು, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಇರಬಹುದು, ನಿಜಕ್ಕೂ ನರವೇ ಇರಬಹುದು. "ಉಳುಕಿದೆ" ಅಂದರೂ ಹಾಗೇ. ಮಾತಿನ ಮೇಲೆ ಹೋಗಬೇಡಿ. "ಒಂದೇ ಬೆರಳಿಟ್ಟು ತೋರಿಸಿ" ಅಂತ ಕೇಳಿ. ಕಾಲಿನವರೆಗೂ ಜುಮುಜುಮು ಅನ್ನುತ್ತದೆ, ಮರಗಟ್ಟುತ್ತದೆ ಅಂದರೆ ಅದು ನಿಮ್ಮ ಕೆಲಸವಲ್ಲ. ಡಾಕ್ಟರ್ ಹತ್ತಿರ ಕಳಿಸಿ.

2. ಸ್ನಾಯು ಯಾವ ಕೀಲನ್ನು ದಾಟುತ್ತದೆ ನೋಡಿ

ಸ್ನಾಯು ಎಳೆಯುತ್ತದೆ. ತಳ್ಳುವುದು ಅದಕ್ಕೆ ಗೊತ್ತಿಲ್ಲ. ಒಂದು ಮೂಳೆಯಲ್ಲಿ ಶುರುವಾಗಿ, ಕೀಲನ್ನು ದಾಟಿ, ಇನ್ನೊಂದು ಮೂಳೆಗೆ ಅಂಟಿಕೊಂಡಿರುತ್ತದೆ. ಕುಗ್ಗಿದಾಗ ಎರಡೂ ತುದಿ ಹತ್ತಿರ ಬರುತ್ತವೆ. ಇಷ್ಟು ಅರ್ಥವಾದರೆ ಬಾಯಿಪಾಠ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಯಾವ ಕೀಲನ್ನು ಯಾವ ಕಡೆಯಿಂದ ದಾಟುತ್ತದೆ ಅಂತ ಗೊತ್ತಾದರೆ, ಅದರ ಕೆಲಸವನ್ನು ನೀವೇ ಊಹಿಸಬಹುದು.

ಮೀನಖಂಡವನ್ನೇ ತೆಗೆದುಕೊಳ್ಳಿ. ಅಲ್ಲಿ ಎರಡು ದೊಡ್ಡ ಸ್ನಾಯುಗಳಿವೆ. ಮೇಲಿನದು ಗ್ಯಾಸ್ಟ್ರಾಕ್ನೀಮಿಯಸ್, ಮಂಡಿಯನ್ನೂ ಪಾದದ ಗಂಟನ್ನೂ ದಾಟುತ್ತದೆ. ಅದರ ಕೆಳಗೆ ಅಡಗಿರುವ ಸೋಲಿಯಸ್ ಮಂಡಿಯನ್ನು ದಾಟುವುದಿಲ್ಲ. ಕೂತಾಗ ಮಂಡಿ ಮಡಚಿರುತ್ತದೆ, ಮೇಲಿನದು ಸಡಿಲವಾಗುತ್ತದೆ. ಆದ್ದರಿಂದ ಕೂತು ಹಿಮ್ಮಡಿ ಎತ್ತಿದರೆ ಕೆಲಸ ಹೆಚ್ಚಾಗಿ ಸೋಲಿಯಸ್‌ಗೆ. ನಿಂತು ಎತ್ತಿದರೆ ಎರಡಕ್ಕೂ. ಜಿಮ್‌ನಲ್ಲಿ ಎರಡು ಬೇರೆ ಬೇರೆ ಮಷೀನ್ ಯಾಕಿವೆ ಅನ್ನುವುದಕ್ಕೆ ಉತ್ತರ ಇದೇ.

ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಕೂಡ ಎರಡು ಕೀಲು ದಾಟುತ್ತದೆ. ಹಿಪ್‌ನಲ್ಲಿ ತೊಡೆಯನ್ನು ಹಿಂದಕ್ಕೆ ಎಳೆಯುತ್ತದೆ, ಮಂಡಿಯಲ್ಲಿ ಕಾಲು ಮಡಚುತ್ತದೆ. ಹಾಗಾಗಿ ಭಾರ ಹಾಕಿ ಮಂಡಿ ಮಡಚಿಸುವ ಲೆಗ್ ಕರ್ಲ್ ಒಂದನ್ನೇ ಮಾಡಿಸಿದರೆ ಅದರ ಅರ್ಧ ಕೆಲಸ ಮಾತ್ರ ಕಲಿಸಿದಂತೆ. ರೊಮೇನಿಯನ್ ಡೆಡ್‌ಲಿಫ್ಟ್ ಥರ ಹಿಪ್‌ನಿಂದ ಬಾಗುವುದೂ ಬೇಕು. ರಟ್ಟೆಯ ಬೈಸೆಪ್ಸ್ ಬರೀ ಮೊಣಕೈ ಮಡಚುತ್ತದೆ ಅಂದುಕೊಳ್ಳುತ್ತೇವೆ. ರಟ್ಟೆ ಹಿಡಿದುಕೊಂಡು, ಮೊಣಕೈ ಮಡಚಿ, ಅಂಗೈಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ. ಸ್ನಾಯು ಉಬ್ಬುತ್ತದೆ. ಬಲಗೈಯಲ್ಲಿ ಸ್ಕ್ರೂ ಬಿಗಿ ಮಾಡುವಾಗ ಇದೇ ಸ್ನಾಯು ಜೋರಾಗಿ ಕೆಲಸ ಮಾಡುತ್ತದೆ.

ಕನ್ನಡ ಮೀಡಿಯಂನಲ್ಲಿ ಓದಿದವರು ಹೆಸರುಗಳಿಗೆ ಹೆದರುತ್ತಾರೆ. ಅವು ಇಂಗ್ಲಿಷ್ ಮೀಡಿಯಂನವರಿಗೂ ಹೊಸವೇ. ಹೆಚ್ಚಿನವು ಲ್ಯಾಟಿನ್. ಒಡೆದು ನೋಡಿ: ಬೈಸೆಪ್ಸ್ ಅಂದರೆ ಎರಡು ತಲೆ, ಟ್ರೈಸೆಪ್ಸ್ ಮೂರು, ಕ್ವಾಡ್ರಿಸೆಪ್ಸ್ ನಾಲ್ಕು. ಬ್ರೇಕಿಯೈ ಅಂದರೆ ತೋಳಿನದು, ಫೆಮೊರಿಸ್ ಅಂದರೆ ತೊಡೆಯದು. ಮೊದಲ ತಿಂಗಳಿಗೆ 25 ಸ್ನಾಯು ಸಾಕು. ಸ್ಕೆಚ್ ಪೆನ್ನಿನಲ್ಲಿ ಸ್ನೇಹಿತರ ಮೈಮೇಲೆ, ಅವರ ಒಪ್ಪಿಗೆ ಕೇಳಿ, ಗೆರೆ ಎಳೆದು ಕಲಿಯಿರಿ.

ಮಾಂಸ ತಿನ್ನುವವರಿಗೆ ಇನ್ನೊಂದು ದಾರಿಯಿದೆ. ಕೋಳಿ ಅಂಗಡಿಯಲ್ಲಿ ಪಾದದ ಸಮೇತ ಕಾಲು ಕೇಳಿ ತನ್ನಿ. ಕತ್ತರಿಸಿದ ಕಡೆ ಬಿಳಿ ದಾರಗಳು ಕಾಣುತ್ತವೆ. ಒಂದನ್ನು ಎಳೆದರೆ ಬೆರಳು ಮಡಚಿಕೊಳ್ಳುತ್ತದೆ. ಅದು ಟೆಂಡನ್, ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗ. ಕೀಲು ಬಿಡಿಸುವಾಗ ಚಾಕುವಿಗೆ ಅಡ್ಡ ಬರುವುದು ಲಿಗಮೆಂಟ್, ಮೂಳೆಯನ್ನು ಮೂಳೆಗೆ ಕಟ್ಟುವುದು. ಮೂಳೆಯ ತುದಿಯಲ್ಲಿ ಹೊಳೆಯುವ ನುಣುಪು ಪದರ ಕಾರ್ಟಿಲೇಜ್. ಸ್ನಾಯುವಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಬೇಗ ಗುಣವಾಗುತ್ತದೆ. ಟೆಂಡನ್, ಲಿಗಮೆಂಟ್‌ಗೆ ರಕ್ತ ಕಡಿಮೆ. ಕಾರ್ಟಿಲೇಜ್‌ಗೆ ರಕ್ತನಾಳವೇ ಇಲ್ಲ. ಸ್ನಾಯು ನಾಲ್ಕು ವಾರಕ್ಕೆ ಬಲವಾಯಿತು ಅಂತ ತೂಕ ಏರಿಸುತ್ತಾ ಹೋದರೆ ಟೆಂಡನ್ ಹಿಂದೆ ಬಿದ್ದು ನೋಯಲು ಶುರುವಾಗುವುದು ಇದೇ ಕಾರಣಕ್ಕೆ.

3. ಎತ್ತುವುದಕ್ಕಿಂತ ಇಳಿಸುವುದನ್ನು ಗಮನಿಸಿ

ಮೈಸೂರಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆ. ಇಳಿಯುವಾಗ ಏನೂ ಅನಿಸುವುದಿಲ್ಲ. ಆದರೆ ಮಾರನೇ ದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಉದ್ದವಾಗುತ್ತಲೇ ಮೈಭಾರ ತಡೆಯುತ್ತದೆ, ಬ್ರೇಕ್ ಹಿಡಿದ ಹಾಗೆ. ಉದ್ದವಾಗುತ್ತಾ ಮಾಡುವ ಈ ಕೆಲಸಕ್ಕೆ ಎಕ್ಸೆಂಟ್ರಿಕ್ ಅನ್ನುತ್ತಾರೆ. ಕುಗ್ಗುತ್ತಾ ಮಾಡುವುದು ಕಾನ್ಸೆಂಟ್ರಿಕ್. ಪ್ಲ್ಯಾಂಕ್ ಥರ ಅಲುಗಾಡದೆ ಹಿಡಿದರೆ ಐಸೊಮೆಟ್ರಿಕ್. ಸ್ನಾಯುವಿನ ಎಳೆಗಳಲ್ಲಿ ಹೆಚ್ಚು ಸೂಕ್ಷ್ಮ ಗಾಯ ಆಗುವುದು ಎಕ್ಸೆಂಟ್ರಿಕ್‌ನಲ್ಲಿ.

ಮೊದಲು ಹೇಳಿದ ಅಮ್ಮನ ಪ್ರಶ್ನೆಗೆ ಉತ್ತರದ ಒಂದು ಭಾಗ ಇದು. ಇಳಿಯುವಾಗ ಒಂದೇ ಕಾಲು, ಮಡಚಿದ ಮಂಡಿಯ ಮೇಲೆ ಇಡೀ ಮೈಯನ್ನು ನಿಧಾನವಾಗಿ ಇಳಿಸಬೇಕು. ತೊಡೆ ಸೋತಿದ್ದರೆ ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಡಾಕ್ಟರ್ ನೋಡಿ ಎಕ್ಸರ್‌ಸೈಜ್ ಮಾಡಬಹುದು ಅಂದಿದ್ದರೆ, ಒಂದು ಗೇಣಿಗಿಂತ ಕಡಿಮೆ ಎತ್ತರದ ಮೆಟ್ಟಿಲಿನಿಂದ, ಕೈ ಆಸರೆ ಕೊಟ್ಟು, ಮೂರು ಎಣಿಸುತ್ತಾ ಇಳಿಯುವುದನ್ನು ಕಲಿಸಿ.

ನೋವಿನ ಬಗ್ಗೆ ಒಂದು ತಪ್ಪು ನಂಬಿಕೆ ಇನ್ನೂ ಇದೆ. ಮಾರನೇ ದಿನದ ನೋವು ಲ್ಯಾಕ್ಟಿಕ್ ಆಸಿಡ್‌ನಿಂದ ಬರುವುದಲ್ಲ. ಎಕ್ಸರ್‌ಸೈಜ್ ನಿಲ್ಲಿಸಿದ ಗಂಟೆ ಎರಡು ಗಂಟೆಯಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಯೊಳಗೆ. ಹೊಸಬರಿಗೆ ಮೊದಲ ದಿನವೇ ನೂರು ಬಸ್ಕಿ ಹೊಡೆಸಬೇಡಿ. ಮಿತಿಮೀರಿದರೆ ಸ್ನಾಯು ಒಡೆದು ಅದರ ಅಂಶ ಕಿಡ್ನಿಗೆ ಹೋಗಿ ತುಂಬ ಅಪಾಯವಾಗುತ್ತದೆ. ವಿಪರೀತ ನೋವು, ಊತ, ಜೊತೆಗೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕಳಿಸಿ.

ಬಸ್ಕಿಯ ಮಾತು ಬಂತು. "ಮಂಡಿ ಕಾಲ್ಬೆರಳು ದಾಟಬಾರದು" ಅಂತ ಎಲ್ಲರಿಗೂ ಹೇಳುತ್ತೇವೆ. 2003ರಲ್ಲಿ ಅಮೆರಿಕದಲ್ಲಿ ಏಳು ಜನರ ಮೇಲೆ ಇದನ್ನು ಅಳೆದು ನೋಡಿದರು. ಮಂಡಿಗೆ ಎದುರಾಗಿ ಹಲಗೆ ನಿಲ್ಲಿಸಿ ಮುಂದೆ ಹೋಗದಂತೆ ತಡೆದಾಗ ಮಂಡಿಯ ಹೊರೆ ಸುಮಾರು ಐದರಲ್ಲಿ ಒಂದು ಭಾಗ ಇಳಿಯಿತು. ಹಿಪ್‌ನ ಹೊರೆ ಸುಮಾರು ಹತ್ತು ಪಟ್ಟಾಯಿತು, ಏಕೆಂದರೆ ಮೈ ಮುಂದಕ್ಕೆ ವಾಲಿತು. ತೊಡೆಮೂಳೆ ಉದ್ದ ಇರುವವರ ಮಂಡಿ ಮುಂದೆ ಹೋಗಲೇಬೇಕು. ನಮ್ಮ ಹಳ್ಳಿಗಳಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವರ ಮಂಡಿ ದಿನವೂ ಬೆರಳು ದಾಟುತ್ತದೆ. ನೋಡಬೇಕಾದ್ದು ಹಿಮ್ಮಡಿ ನೆಲ ಬಿಡುತ್ತದಾ, ಮಂಡಿ ಒಳಕ್ಕೆ ಕುಸಿಯುತ್ತದಾ ಅನ್ನುವುದು. ಹಿಮ್ಮಡಿ ಏಳುತ್ತಿದ್ದರೆ ಪಾದದ ಗಂಟು ಬಿಗಿಯಾಗಿರಬಹುದು. ಹೆಬ್ಬೆರಳನ್ನು ಗೋಡೆಯಿಂದ 10 ಸೆಂಟಿಮೀಟರ್ ದೂರ ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲು ಹೇಳಿ. ಆಗದಿದ್ದರೆ ಅಲ್ಲಿಂದ ಕೆಲಸ ಶುರು ಮಾಡಿ.

4. ಉಸಿರು, ಶಕ್ತಿ, ಎದೆಬಡಿತ

ಕಬಡ್ಡಿ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ರೈಡರ್ ಛಂಗನೆ ನೆಗೆದು ಕಾಲು ಬೀಸುವ ಶಕ್ತಿ ಸ್ನಾಯುವಿನಲ್ಲೇ ಕೂಡಿಟ್ಟ ಫಾಸ್ಫೇಟ್‌ನಿಂದ ಬರುತ್ತದೆ. ಪೂರ್ತಿ ಜೋರಿನಲ್ಲಿ ಅದು ಹತ್ತು ಸೆಕೆಂಡಿನಷ್ಟು. 30 ಸೆಕೆಂಡಿನ ರೈಡ್ ಜೋರಾಗಿ ಎಳೆದರೆ ಗ್ಲೂಕೋಸನ್ನು ಆಮ್ಲಜನಕವಿಲ್ಲದೆ ಒಡೆಯುವ ಎರಡನೇ ದಾರಿ ಮುಂದೆ ಬರುತ್ತದೆ. 40 ನಿಮಿಷದ ಆಟ ಪೂರ್ತಿ ನಿಭಾಯಿಸುವುದು, ಎರಡು ರೈಡ್‌ಗಳ ನಡುವೆ ಚೇತರಿಸಿಕೊಳ್ಳುವುದು ಆಮ್ಲಜನಕದ ಮೂರನೇ ದಾರಿ. ಒಂದು ಆರಿ ಇನ್ನೊಂದು ಹೊತ್ತಿಕೊಳ್ಳುವುದಿಲ್ಲ. ಮೂರೂ ಒಲೆ ಯಾವಾಗಲೂ ಉರಿಯುತ್ತಿರುತ್ತವೆ, ಉರಿ ಹೆಚ್ಚುಕಮ್ಮಿ ಆಗುತ್ತದೆ ಅಷ್ಟೆ. ಭಾರ ಎತ್ತಿದ ಮೇಲೆ 3ರಿಂದ 5 ನಿಮಿಷ ಬಿಡುವು ಕೊಡಿ ಅನ್ನುವುದು ಮೊದಲ ಒಲೆಗೆ ಸೌದೆ ತುಂಬಲು ಅಷ್ಟು ಹೊತ್ತು ಬೇಕು ಅಂತ.

ಗರಿಷ್ಠ ಎದೆಬಡಿತಕ್ಕೆ 220ರಿಂದ ವಯಸ್ಸು ಕಳೆಯುವ ಲೆಕ್ಕ ಎಲ್ಲರಿಗೂ ಗೊತ್ತು. 2001ರಲ್ಲಿ ಬಂದ ಇನ್ನೊಂದು ಲೆಕ್ಕ: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು. 40 ವರ್ಷದವರಿಗೆ ಎರಡರಲ್ಲೂ 180. 60 ವರ್ಷದವರಿಗೆ ಒಂದರಲ್ಲಿ 160, ಇನ್ನೊಂದರಲ್ಲಿ 166. ಎರಡೂ ಅಂದಾಜು. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ಸಾಮಾನ್ಯ. ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಿನ್ನುವವರಲ್ಲಿ ಬಡಿತ ಅಷ್ಟಾಗಿ ಏರುವುದಿಲ್ಲ. ಅವರ ವಾಚ್ 110 ತೋರಿಸುತ್ತಿದೆ ಅಂತ ಇನ್ನೂ ಜೋರಾಗಿ ಓಡಿಸಿದರೆ ಅನಾಹುತ. ಮಾತಾಡಿಸಿ ನೋಡಿ. ಪೂರ್ತಿ ವಾಕ್ಯ ಹೇಳಲು ಆಗುತ್ತಿದೆ, ಹಾಡಲು ಆಗುವುದಿಲ್ಲ ಅಂದರೆ ಮಧ್ಯಮ ಶ್ರಮ. ಎರಡು ಪದಕ್ಕೆ ಉಸಿರು ಬೇಕಾದರೆ ಜೋರು.

5. ತೂಕ ಯಾವಾಗ ಏರಿಸಬೇಕು

ಎರಡನೇ ಮಹಾಯುದ್ಧದ ಕಾಲದಲ್ಲಿ ಶಿಕಾಗೋದ ಸೈನಿಕ ಆಸ್ಪತ್ರೆ ಗಾಯಾಳುಗಳಿಂದ ತುಂಬಿತ್ತು. ಮಂಡಿ ಆಪರೇಷನ್ ಆದವರ ತೊಡೆ ಬತ್ತಿಹೋಗುತ್ತಿತ್ತು. ಹಗುರ ತೂಕವನ್ನು ನೂರಾರು ಸಲ ಎತ್ತಿಸುವುದು ಆಗಿನ ರೂಢಿ. ಥಾಮಸ್ ಡಿಲಾರ್ಮ್ ಎಂಬ ಯುವ ವೈದ್ಯ ಅದನ್ನು ತಿರುಗಿಸಿದರು. ಸಣ್ಣವರಿದ್ದಾಗ ಕಾಯಿಲೆ ಬಿದ್ದು, ತೂಕ ಎತ್ತಿ ಚೇತರಿಸಿಕೊಂಡವರು ಅವರು. ಹತ್ತು ಸಲ ಮಾತ್ರ ಎತ್ತಲು ಆಗುವಷ್ಟು ಭಾರ ಕೊಟ್ಟು, ಬಲ ಬಂದಂತೆ ಭಾರ ಏರಿಸಿದರು. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. 1948ರ ಹೊತ್ತಿಗೆ ಅದು ಮೂರು ಸೆಟ್‌ಗೆ ಬಂದು ನಿಂತಿತ್ತು: ಅರ್ಧ ಭಾರದಲ್ಲಿ ಹತ್ತು, ಮುಕ್ಕಾಲು ಭಾರದಲ್ಲಿ ಹತ್ತು, ಪೂರ್ತಿ ಭಾರದಲ್ಲಿ ಹತ್ತು. ನಾವು ಇವತ್ತು ಸುಮ್ನೆ "ಮೂರು ಸೆಟ್, ಹತ್ತು ಹತ್ತು" ಅನ್ನುತ್ತೇವಲ್ಲ, ಅದರ ಬೇರು ಅಲ್ಲಿದೆ.

ನಮ್ಮ ಗರಡಿಮನೆಯ ಸಾಮಿನಲ್ಲಿ ಎಣಿಕೆ ಏರಿಸುತ್ತಾರೆ. ನೂರು ಬಸ್ಕಿ, ಇನ್ನೂರು, ಐನೂರು. ಅದು ದಮ್ಮು ಬೆಳೆಸುತ್ತದೆ. ಬಲ ಬೆಳೆಯಲು ಭಾರ ಏರಬೇಕು. ಎರಡೂ ಬೇಕಾದ ಕೆಲಸವೇ, ಆದರೆ ಒಂದರಿಂದ ಇನ್ನೊಂದು ಪೂರ್ತಿ ಬರುವುದಿಲ್ಲ. ಗುರಿ 10 ಸಲ ಇದ್ದು, ಒಬ್ಬರು ನೀಟಾಗಿ 12 ಎತ್ತಲು ಶುರು ಮಾಡಿದರೆ ಭಾರವನ್ನು ಶೇಕಡ 2ರಿಂದ 10ರೊಳಗೆ ಏರಿಸಿ. ಕೈಗೆ ಕಡಿಮೆ, ಕಾಲಿಗೆ ಸ್ವಲ್ಪ ಜಾಸ್ತಿ.

"ಮೂರು ವಾರಕ್ಕೆ ತೂಕ ಏರಿತು, ತೋಳು ಮಾತ್ರ ದಪ್ಪ ಆಗಿಲ್ಲ" ಅಂತ ಜನ ಬೇಸರ ಪಡುತ್ತಾರೆ. ಮೊದಲ ವಾರಗಳ ಬಲ ಮುಖ್ಯವಾಗಿ ನರಗಳ ಕಲಿಕೆ. ಮಿದುಳು ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ಕಲಿಯುತ್ತದೆ. ದಪ್ಪ ಆಮೇಲೆ ಕಾಣುತ್ತದೆ. ಇದನ್ನು ಮೊದಲ ದಿನವೇ ಹೇಳಿಬಿಡಿ, ಜಿಮ್ ಬಿಡುವವರು ಕಡಿಮೆಯಾಗುತ್ತಾರೆ. ಹೊಟ್ಟೆಯ ಎಕ್ಸರ್‌ಸೈಜ್‌ನಿಂದ ಹೊಟ್ಟೆಯ ಕೊಬ್ಬು ಮಾತ್ರ ಕರಗುವುದಿಲ್ಲ ಅನ್ನುವುದನ್ನೂ ಆಗಲೇ ಹೇಳಿ.

6. ಡಂಬ್‌ಬೆಲ್ ಕೊಡುವ ಮೊದಲು ಕೇಳಿ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ವಾರ ಕರ್ನಾಟಕದ ಜನ ಹೃದಯದ ಪರೀಕ್ಷೆಗೆ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಜಿಮ್‌ಗೆ ಹೋಗಬಹುದಾ ಅಂತ ಮನೆಮನೆಯಲ್ಲೂ ಮಾತಾಯಿತು. ಆ ಭಯವನ್ನು ಹಗುರವಾಗಿ ನೋಡಬೇಡಿ. ನಮ್ಮ ಕೈಯಲ್ಲಿ ಇರುವುದು ಸರಿಯಾದ ಪ್ರಶ್ನೆ ಕೇಳುವುದು. ಎದೆನೋವು ಬಂದಿದೆಯಾ, ತಲೆ ಸುತ್ತಿ ಬಿದ್ದಿದ್ದೀರಾ, ಬಿಪಿ, ಶುಗರ್ ಇದೆಯಾ, ಯಾವ ಮಾತ್ರೆ, ಮನೆಯಲ್ಲಿ ಸಣ್ಣ ವಯಸ್ಸಿಗೆ ಹೃದಯದ ತೊಂದರೆ ಆದವರಿದ್ದಾರಾ, ಮೂಳೆ ಕೀಲಿನ ತೊಂದರೆ, ಆಪರೇಷನ್, ಹೆಂಗಸರಾದರೆ ಗರ್ಭಿಣಿಯಾ. ಉತ್ತರ ಬರೆದಿಟ್ಟುಕೊಳ್ಳಿ. ಅನುಮಾನ ಬಂದರೆ ಡಾಕ್ಟರ್ ಚೀಟಿ ಬರುವವರೆಗೆ ಶುರು ಮಾಡಬೇಡಿ. ಸೊಂಟದ ಸುತ್ತಳತೆಯನ್ನೂ ತೆಗೆದುಕೊಳ್ಳಿ. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆಯ ಗಂಟೆ.

ಉಸಿರು ಬಿಗಿಹಿಡಿದು ಭಾರ ತಳ್ಳುವುದು ಬಿಪಿ ಇರುವವರಿಗೆ ಬೇಡ. 1985ರಲ್ಲಿ ಪ್ರಕಟವಾದ ಒಂದು ಕೆನಡಾದ ಪ್ರಯೋಗದಲ್ಲಿ, ಭಾರೀ ಲೆಗ್ ಪ್ರೆಸ್ (ಕಾಲಿನಿಂದ ಭಾರ ತಳ್ಳುವುದು) ಮಾಡುತ್ತಿದ್ದ ಐವರು ಬಾಡಿಬಿಲ್ಡರ್‌ಗಳ ಬಿಪಿ ಸರಾಸರಿ 320/250ಕ್ಕೆ ಏರಿತ್ತು. ತಳ್ಳುವಾಗ ಉಸಿರು ಬಿಡುವುದನ್ನು ಮೊದಲು ಕಲಿಸಿ. ಶುಗರ್ ಇರುವವರು ಬೆವರಿ, ನಡುಗಿ, ಮಾತು ತಡವರಿಸಿದರೆ ತಕ್ಷಣ ನಿಲ್ಲಿಸಿ. ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಮೂರು ನಾಲ್ಕು ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ಕಲಿಯದೆ ಒಬ್ಬರಿಗೂ ಟ್ರೇನಿಂಗ್ ಕೊಡಬೇಡಿ: ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳ. ಜೊತೆಯವರಿಂದ 108ಕ್ಕೆ ಫೋನ್ ಮಾಡಿಸಿ. ಓದಿ ಕಲಿಯುವ ವಿದ್ಯೆ ಅಲ್ಲ ಅದು, ಗೊಂಬೆಯ ಮೇಲೆ ಕೈಯಿಟ್ಟು ಕಲಿಯಬೇಕು.

ಔಷಧ, ಇಂಜೆಕ್ಷನ್, ಸ್ಟೆರಾಯ್ಡ್ ವಿಷಯಕ್ಕೆ ಕೈ ಹಾಕಬೇಡಿ. ಯಾರು ಎಷ್ಟೇ ಒತ್ತಾಯ ಮಾಡಿದರೂ.

7. ಮೂರು ತಿಂಗಳ ಓದು

ಮೊದಲ ತಿಂಗಳು ಕೀಲು ಮತ್ತು 25 ಸ್ನಾಯು. ಎರಡನೇ ತಿಂಗಳು ಶಕ್ತಿ, ಹೃದಯ, ಉಸಿರು, ಭಾರದ ಲೆಕ್ಕ. ಮೂರನೇ ತಿಂಗಳು ಮೂರು ಜನರನ್ನು ಹಣವಿಲ್ಲದೆ ಟ್ರೇನ್ ಮಾಡಿ, ಬೇರೆ ಬೇರೆ ವಯಸ್ಸಿನವರನ್ನು. ಸರ್ಟಿಫಿಕೇಟ್ ಅದಾದ ಮೇಲೆ. ಏಸ್ (ACE), ನ್ಯಾಸಮ್ (NASM) ಥರದ ಅಮೆರಿಕದ ಪರೀಕ್ಷೆಗಳಿಗೆ 18 ವರ್ಷ ತುಂಬಿರಬೇಕು, ಸಿಪಿಆರ್ ಪ್ರಮಾಣಪತ್ರವೂ ಬೇಕು. ಮೈ ಗೊತ್ತಿದ್ದು ಆ ಪುಸ್ತಕ ತೆರೆದರೆ ಇಂಗ್ಲಿಷ್ ಅಷ್ಟು ಕಷ್ಟ ಅನಿಸುವುದಿಲ್ಲ.

ಇವತ್ತೇ ಶುರು ಮಾಡುವುದಾದರೆ ಮನೆಯಲ್ಲೇ ಮಾಡಿ. ಗೋಡೆಗೆ ಒತ್ತಿಟ್ಟ, ಕೈ ಇಲ್ಲದ ಕುರ್ಚಿಯಲ್ಲಿ ಅಮ್ಮನನ್ನೋ ಅಪ್ಪನನ್ನೋ ಕೂರಿಸಿ. ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಆದಷ್ಟು ಸಲ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಲ್ಲಿ. ಎಣಿಸುವುದರ ಜೊತೆಗೆ ಕೀಲು ನೋಡಿ. ಏಳುವಾಗ ಮೊದಲು ಏನು ಅಲುಗಿತು, ಬೆನ್ನೋ ಹಿಪ್ಪೋ? ಮಂಡಿ ಒಳಕ್ಕೆ ಹೋಯಿತಾ? ಒಂದು ಕಾಲಿಗೆ ಜಾಸ್ತಿ ಭಾರ ಬಿತ್ತಾ? ಕೂರುವಾಗ ನಿಧಾನವಾಗಿ ಇಳಿದರಾ, ಧೊಪ್ಪನೆ ಬಿದ್ದರಾ? ನೋಟ್‌ಬುಕ್ಕಿನ ಏಳನೇ ಪುಟದಲ್ಲಿ ಬರೆದು, ದಿನಾಂಕ ಹಾಕಿ. ನಾಲ್ಕು ವಾರ ಬಿಟ್ಟು ಅದೇ ಕುರ್ಚಿಯಲ್ಲಿ ಮತ್ತೆ ಕೂರಿಸಿ ನೋಡಿ.